ಹುಳುಕಿಲ್ಲದ ತೊಟ್ಟಿಲು

ಆ ಮನೆಯವರಿಗೆ ನಗು ಬಿಟ್ಟರೆ ಬೇರೆ ಮಾತೇ ಬರುತ್ತಿರಲಿಲ್ಲ. ಅಪ್ಪ ಬದುಕಿದ್ದ ಕಾಲದಿಂದಲೂ ಹಾಗೇ. ಎಲ್ಲರೂ ಕೂಡಿ ನಗಲು ಶುರುಮಾಡಿದರೆಂದರೆ ಪಕ್ಕದ ಬೀದಿಯ ನಾಯಿಗಳು ಬೊಗಳುವುದನ್ನು ನಿಲ್ಲಿಸಿ ಕಿವಿ ನಿಮಿರಿಸಿ ಕೂರುತ್ತಿದ್ದವು, ಮಾಡಿನ ಮೇಲೆ ಮಲಗಿದ್ದ ಬೆಕ್ಕು ಉರುಳಿ ಕೆಳಗೆ ಬೀಳುತ್ತಿತ್ತು. ಒಮ್ಮೆಯಂತೂ ಗೋಡೆಯ ಗಡಿಯಾರವೂ ನಕ್ಕು ನಕ್ಕು ಸುಸ್ತಾಗಿ ನಿಂತೇಹೋಯಿತು. ರಿಪೇರಿಯವನು ಬಿಚ್ಚಿ ನೋಡಿ, ಒಳಗೆ ಏನೂ ಕೆಟ್ಟಿಲ್ಲ, ಸ್ವಲ್ಪ ಸುಧಾರಿಸಿಕೊಳ್ಳಲು ಬಿಡಿ ಎಂದ. ಜ್ವರ ಬರಲಿ, ಕೆಲಸ ಹೋಗಲಿ, ಸಾವೇ ಬರಲಿ, ಅದನ್ನೊಂದು ತಮಾಷೆಯಲ್ಲಿ ಸುತ್ತಿ ಆಚೆಗೆ ಸಾಗಿಸುವುದು ಅವರ ರೂಢಿ. ಒಂದೇ ತೊಂದರೆ. ಯಾವುದಾದರೂ ಮಾತನ್ನು ತಮಾಷೆಯಿಲ್ಲದೆ ನೇರವಾಗಿ ಹೇಳಬೇಕಾಗಿ ಬಂದರೆ ಆ ಮನೆಯ ಯಾರಿಗೂ ನಾಲಿಗೆ ಹೊರಳುತ್ತಿರಲಿಲ್ಲ.

ಹೆಣ್ಣುಮಕ್ಕಳು ಇಬ್ಬರು. ದೊಡ್ಡವಳು ಪರದೆ ಹೊಲಿಯುತ್ತಾಳೆ. ಊರಿನ ಅರ್ಧ ಕಿಟಕಿಗಳ ಮಾನ ಅವಳ ಕೈಯಲ್ಲಿದೆ. ಚಿಕ್ಕವಳು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ಅಮ್ಮ ಹೋದಾಗ ಚಿಕ್ಕವಳಿಗೆ ಹಾಲುಹಲ್ಲು ಕೂಡ ಬಿದ್ದಿರಲಿಲ್ಲ. ಅವಳ ತಲೆ ಬಾಚಿದ್ದು, ಮೂಗು ಒರೆಸಿದ್ದು, ಕಿವಿ ಹಿಂಡಿದ ಮೇಷ್ಟರ ಜೊತೆ ಜಗಳಕ್ಕೆ ಹೋಗಿದ್ದು, ಎಲ್ಲ ದೊಡ್ಡವಳೇ.

ದೊಡ್ಡವಳ ಗಂಡ ಬೀಗ ರಿಪೇರಿ ಮಾಡುವವರು. ಚಿಕ್ಕವಳಿಗೆ ಭಾವ. ಬಾಯಿ ತೆರೆದರೆ ಬುರುಡೆ. ಒಮ್ಮೆ ಅವರು ಬ್ಯಾಂಕಿನ ತಿಜೋರಿಯ ಕಿವಿಯಲ್ಲಿ ಏನೋ ಪಿಸುಗುಟ್ಟಿದರಂತೆ, ಅದು ನಾಚಿಕೊಂಡು ತಾನಾಗಿಯೇ ತೆರೆದುಕೊಂಡಿತಂತೆ. ಇನ್ನೊಮ್ಮೆ ಹಡಗಿನ ಬೀಗ ತೆಗೆಯಲು ಹೋಗಿ ಕತ್ತಲಲ್ಲಿ ಸಮುದ್ರದ ಬೀಗವನ್ನೇ ತೆಗೆದುಬಿಟ್ಟರಂತೆ. ನೀರೆಲ್ಲ ಸೋರಿಹೋಗುವುದರೊಳಗೆ ಓಡಿಬಂದು ಮತ್ತೆ ಹಾಕಿದರಂತೆ. ಕೇಳಿದವರು ಯಾರೂ ನಂಬುತ್ತಿರಲಿಲ್ಲ. ಆದರೂ ಇನ್ನೊಂದು ಹೇಳಿ ಎಂದು ಪೀಡಿಸುತ್ತಿದ್ದರು.

ಅವರಿಗೆ ಎರಡು ಕೋಣೆಯ ಮನೆಯಿತ್ತು, ಮಕ್ಕಳಿರಲಿಲ್ಲ. ಎರಡು ಸಲ ಬಸಿರು ನಿಂತು ಎರಡು ಸಲವೂ ಉಳಿಯಲಿಲ್ಲ. ಅದರ ಮೇಲೂ ದೊಡ್ಡವಳು ಒಂದು ತಮಾಷೆ ಕಟ್ಟಿದ್ದಳು: "ನಮ್ಮನೆ ವಿಳಾಸಾನೇ ಸರಿ ಇಲ್ಲ ಕಣೇ, ಬಂದೋರೆಲ್ಲ ಬಾಗಿಲಿಂದಾನೇ ವಾಪಸ್ ಹೋಗ್ತಾರೆ." ಅದಕ್ಕೆ ಎಲ್ಲರೂ ನಕ್ಕ ಹಾಗೆ ಮಾಡುತ್ತಿದ್ದರು.

ಚಿಕ್ಕವಳದು ಒಂದೇ ಕೋಣೆಯ ಮನೆ, ಮೂರು ಮಕ್ಕಳು. ಗಂಡ ಪೇಂಟರ್, ಊರಿನ ಗೋಡೆಗಳಿಗೆಲ್ಲ ಬಣ್ಣ ಬಳಿದು ಬಂದು ತನ್ನ ಮನೆಯ ಗೋಡೆಗೆ ಒರಗಿ ನಿದ್ದೆಹೋಗುವವನು. ಮೂರನೆಯದರ ನಂತರ ಇನ್ನು ಸಾಕು ಎಂದುಕೊಂಡಿದ್ದ ಹೊತ್ತಿಗೆ ನಾಲ್ಕನೆಯದು ಹೇಳದೆ ಕೇಳದೆ ಬಂದು ಕೂತಿತು.

ಆ ಸುದ್ದಿ ಹೇಳಲು ಗಂಡಹೆಂಡತಿ ಇಬ್ಬರೂ ಒಂದು ಭಾನುವಾರ ದೊಡ್ಡವಳ ಮನೆಗೆ ಹೋದರು. ಹೇಳಿದ್ದಾಯಿತು. ಮೌನ ಕಂಡರೆ ಪೇಂಟರಿಗೆ ಮೈಯೆಲ್ಲ ತುರಿಕೆ.

"ಜಾಗ ಎಲ್ಲಿದೆ ಹೇಳಿ? ಇದನ್ನ ಗೋಡೆಗೆ ಮೊಳೆ ಹೊಡೆದು ನೇತುಹಾಕ್ಬೇಕು, ಕ್ಯಾಲೆಂಡರ್ ಥರ," ಎಂದ.

"ಅಷ್ಟು ಕಷ್ಟ ಯಾಕಪ್ಪಾ, ನಮ್ಮನೇಲಿ ಒಂದು ರೂಮ್ ಪೂರ್ತಿ ಬೀಗಗಳೇ ಮಲಗಿವೆ. ಅವಕ್ಕೆ ಬೇರೆ ಮನೆ ನೋಡ್ಕೊಳಿ ಅಂತ ನೋಟಿಸ್ ಕೊಡ್ತೀನಿ," ಎಂದರು ಭಾವ.

ಆಗ ಚಿಕ್ಕವಳು, ಅಳು ಬರುತ್ತಿದ್ದುದನ್ನು ಅಡಗಿಸಲು, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು ಮುಂದೆ ಚಾಚಿ, "ತಗೊಳ್ಳಿ ಭಾವ, ಇದು ನಿಮ್ದೇ. ಒಂಬತ್ತು ತಿಂಗಳಿಗೆ ಪಾರ್ಸಲ್ ಕಟ್ಟಿ ಕಳಿಸ್ತೀನಿ," ಎಂದುಬಿಟ್ಟಳು.

ಎಲ್ಲರೂ ಬಿದ್ದು ಬಿದ್ದು ನಕ್ಕರು. ದೊಡ್ಡವಳೂ ನಕ್ಕಳು, ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕಳು, ಕಣ್ಣು ಒರೆಸಿಕೊಂಡಳು, ಟೀ ಮಾಡುತ್ತೇನೆಂದು ಒಳಗೆ ಹೋದಳು. ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಟೀ ಇರಲಿಲ್ಲ, ಮರೆತೇಬಿಟ್ಟಿದ್ದಳು.

ಅಷ್ಟೇ ನಡೆದದ್ದು. ಕೊಡು ಎಂದು ಯಾರೂ ಕೇಳಲಿಲ್ಲ, ಕೊಡುತ್ತೇನೆ ಎಂದು ಯಾರೂ ಕುಳಿತು ಹೇಳಲಿಲ್ಲ. ಆದರೆ ಮುಂದಿನ ವಾರ ದೊಡ್ಡವಳು ಬಂದಾಗ ಚೀಲದಲ್ಲಿ ಹಣ್ಣಿತ್ತು. ಅದರ ಮುಂದಿನ ವಾರ ಮೆತ್ತನೆಯ ಬಟ್ಟೆ ತಂದು, "ಇದರ ಅಂಗಿ ಹೊಲೀಲಾ? ಇಲ್ಲ ಅದಾ?" ಎಂದು ಕೇಳಿದಳು. ಬರಬರುತ್ತ ಅವಳ ಚಿಕ್ಕ ಕೋಣೆಯಿಂದ ಬೀಗಗಳು ಹೊರಗೆ ಹೋದವು, ಗೋಡೆಗೆ ಹೊಸ ಬಣ್ಣ ಬಂತು. ಬಳಿದವನು ಪೇಂಟರೇ. "ಮೊಲದ ಚಿತ್ರ ಬರೀ ಅಂದ್ರು ಅಕ್ಕ. ಬರೆದೆ. ಭಾವ ಬಂದು, ಕತ್ತೆ ಚೆನ್ನಾಗಿದೆ ಅಂದ್ರು," ಎಂದು ಮನೆಗೆ ಬಂದು ನಗಿಸಿದ. ಚಿಕ್ಕವಳು ನಗಲಿಲ್ಲ.

"ಏನೇ?" ಎಂದ.

"ಏನಿಲ್ಲ. ಅವತ್ತು ನಾನು ತಮಾಷೆಗೆ ಅಂದಿದ್ದು."

ಪೇಂಟರ್ ಸ್ವಲ್ಪ ಹೊತ್ತು ಉಗುರಿನಲ್ಲಿದ್ದ ಬಣ್ಣ ಕೆರೆದುಕೊಳ್ಳುತ್ತ ಕೂತ. "ಹಾಗಾದ್ರೆ ನೀನೇ ಹೋಗಿ ಹೇಳು. ನನ್ನ ಕೈಲಾಗಲ್ಲಪ್ಪ. ಆ ಮುಖ ನೋಡ್ಕೊಂಡು ಹೇಳೋದಿಕ್ಕೆ ಆಗುತ್ತಾ?" ಎಂದ. ಆಮೇಲೆ ಮೆಲ್ಲಗೆ, "ಅಕ್ಕ ತಾನೇ. ಬೀದೀಲಿ ಹೋಗೋರಿಗೆ ಕೊಡ್ತಿದ್ದೀವಾ?" ಎಂದ.

ಅದೂ ನಿಜವೇ. ಚಿಕ್ಕವಳು ತನಗೆ ತಾನೇ ಅದನ್ನೇ ಹೇಳಿಕೊಂಡಳು. ಅಕ್ಕನ ಕೈಯಲ್ಲಿ ಬೆಳೆದವಳು ತಾನು, ಏನು ಕಡಿಮೆಯಾಯಿತು? ನೋಡಬೇಕೆಂದಾಗ ಬಸ್ಸು ಹತ್ತಿದರಾಯಿತು. ಹೀಗೆಲ್ಲ ಹೇಳಿಕೊಂಡು ಮನಸ್ಸನ್ನು ಇಸ್ತ್ರಿ ಮಾಡಿದ ಅಂಗಿಯ ಹಾಗೆ ಮಡಿಸಿ ಇಡುವಳು. ಬೆಳಿಗ್ಗೆ ಕೆಲಸಕ್ಕೆ ಹೋದರೆ ಅಷ್ಟೂ ಮುದುಡಿಹೋಗುವುದು. ಯಾಕೆಂದರೆ ಹೊಟ್ಟೆಯೊಳಗಿದ್ದವರಿಗೆ ಬಿಸಿ ಬಟ್ಟೆ ಎಂದರೆ ಪ್ರಾಣ. ಇಸ್ತ್ರಿ ಮಾಡಿದ ಬಟ್ಟೆಗಳನ್ನು ಎದೆಗೆ ಅವಚಿಕೊಂಡು ಕಪಾಟಿಗೆ ಒಯ್ಯುವಾಗ, ಆ ಬಿಸಿ ಹೊಟ್ಟೆಗೆ ತಾಗಿದ ಕೂಡಲೇ ಧಡ್ ಎಂದು ಒಂದು ಒದೆ. ತಣ್ಣನೆಯ ಬಟ್ಟೆಗೆ ಸುಮ್ಮನಿರುವುದು, ಬಿಸಿಗೆ ಒದೆಯುವುದು. ಮೊದಲ ಮೂರರಲ್ಲಿ ಯಾವುದೂ ಹೀಗೆ ಮಾಡಿರಲಿಲ್ಲ. ಯಾರದೋ ಕಚೇರಿಯ ಅಂಗಿಗಳು, ಯಾರದೋ ಮೇಜಿನ ಹೊದಿಕೆಗಳು. ಅವುಗಳನ್ನು ಹೊಟ್ಟೆಗೆ ಒತ್ತಿಕೊಂಡು ಅವಳು ಬೇಕೆಂದೇ ನಿಧಾನವಾಗಿ ನಡೆಯುತ್ತಿದ್ದಳು. ಲಾಂಡ್ರಿಯ ಯಜಮಾನಿ, "ಮದುವಣಗಿತ್ತಿ ನಡಿಗೆ ಸಾಕು, ಗಿರಾಕಿ ಕಾಯ್ತಿದ್ದಾರೆ," ಎಂದು ಕೂಗುತ್ತಿದ್ದಳು.

ಈ ವಾರ ಹೇಳುತ್ತೇನೆ, ಬರುವ ವಾರ ಹೇಳುತ್ತೇನೆ ಎನ್ನುತ್ತ ಎನ್ನುತ್ತ ತಿಂಗಳುಗಳು ಸರಿದವು. ಕೊನೆಗೆ ದೊಡ್ಡವಳೇ ಬಂದು, "ಇನ್ನು ಉಳಿದಿರೋದು ತೊಟ್ಟಿಲು ಒಂದೇ ಕಣೇ. ನೀನೂ ಬಾ. ಮೂರು ಹೆತ್ತೋಳು, ನಿನಗೆ ಗೊತ್ತಾಗುತ್ತೆ. ನಾನು ನೋಡೋಕೆ ಚೆನ್ನಾಗಿದೆ ಅಂತ ಏನೋ ತಂದುಬಿಡ್ತೀನಿ," ಎಂದಳು.

ತೊಟ್ಟಿಲು ಎಂದರೆ ತೂಗುವುದಲ್ಲ. ನಾಲ್ಕು ಕಾಲಿನ ಮೇಲೆ ನಿಲ್ಲುವ, ಸುತ್ತ ಮರದ ಪಟ್ಟಿಗಳ ಬೇಲಿಯಿರುವ ಮಗುವಿನ ಮಂಚ. ಚಿಕ್ಕವಳ ಮಕ್ಕಳು ಅಂಥದ್ದನ್ನು ಕಂಡವರೇ ಅಲ್ಲ, ಮೂವರೂ ನೆಲದ ಹಾಸಿಗೆಯಲ್ಲೇ ಉರುಳಾಡಿ ದೊಡ್ಡವರಾದವರು. ಆದರೂ ಅವಳು ಆರೋಗ್ಯ ಕೇಂದ್ರದ ನರ್ಸನ್ನು ಕೇಳಿ ಎಲ್ಲ ತಿಳಿದುಕೊಂಡಳು. ತಿಳಿದುಕೊಂಡಷ್ಟೂ ಅವಳಿಗೆ ಒಳಗೊಳಗೇ ಒಂದು ಧೈರ್ಯ ಬಂತು. ತೊಟ್ಟಿಲಿನಲ್ಲಿ ತಪ್ಪು ಇರಬಹುದಾದ ಜಾಗಗಳು ಅಷ್ಟೊಂದಿದ್ದವು! ಸರಿಯಾದ ತೊಟ್ಟಿಲು ಸಿಗುವವರೆಗೆ ಯಾರೂ ಮಗುವನ್ನು ಒಯ್ಯಲಾರರು. ಸಿಗದೇ ಇದ್ದರೆ? ಬಾಯಿಬಿಟ್ಟು ಹೇಳಲಾರದ್ದನ್ನು ಪೇಟೆಯೇ ಹೇಳಿಬಿಡಲಿ ಎಂದುಕೊಂಡು ಅವಳು ಅಕ್ಕ ಭಾವಂದಿರ ಜೊತೆ ಹೊರಟಳು.

ಮರದ ಸಾಮಾನಿನ ಬೀದಿ ಎಷ್ಟು ಇಕ್ಕಟ್ಟೆಂದರೆ, ದಪ್ಪಗಿದ್ದವರು ಈ ತುದಿಯಲ್ಲಿ ಹೊಕ್ಕರೆ ಆ ತುದಿಯಲ್ಲಿ ತೆಳ್ಳಗಾಗಿ ಹೊರಬರುತ್ತಿದ್ದರು. ಎರಡೂ ಕಡೆ ಮಂಚ, ಕುರ್ಚಿ, ಕಪಾಟು ಒಂದರ ಮೇಲೊಂದು ಹತ್ತಿ ಕೂತಿದ್ದವು. ಅರಗಿನ ವಾಸನೆ, ಮರದ ಪುಡಿ. ದಾರಿ ಬಿಡಿಸುತ್ತ ಮುಂದೆ ಭಾವ, ನಡುವೆ ತುಂಬಿದ ಹೊಟ್ಟೆಯ ಚಿಕ್ಕವಳು, ಹಿಂದೆ ಚೀಲವನ್ನು ಎದೆಗೊತ್ತಿಕೊಂಡು ದೊಡ್ಡವಳು.

ಮೊದಲ ಅಂಗಡಿಯಲ್ಲಿ ಹಂಸದ ಆಕಾರದ ತೊಟ್ಟಿಲು. ತಲೆಯ ಕಡೆ ಹೂಬಳ್ಳಿಯ ಕೆತ್ತನೆ, ನಾಲ್ಕು ಮೂಲೆಗೆ ಕಳಶದಂಥ ಗುಬುಟುಗಳು. ದೊಡ್ಡವಳ ಕಣ್ಣು ಅರಳಿತು. ಅಂಗಡಿಯವನು ಚಿಕ್ಕವಳ ಹೊಟ್ಟೆ ನೋಡಿ, ದೊಡ್ಡವಳನ್ನು ಬದಿಗೆ ಸರಿಸಿ, "ನೀವು ಮುಂದೆ ಬನ್ನಿ ತಾಯಿ, ಮುಟ್ಟಿ ನೋಡಿ," ಎಂದ. ದೊಡ್ಡವಳು ಸರಿದು ನಿಂತಳು. ಸರಿದು ನಿಂತಲ್ಲಿಂದಲೇ ನಕ್ಕಳು.

"ಈ ಗುಬುಟಿಗೆ ಅಂಗಿ ಸಿಕ್ಕಿಹಾಕ್ಕೊಂಡ್ರೆ ಕುತ್ತಿಗೆ ಬಿಗಿಯುತ್ತೆ. ಈ ಕೆತ್ತನೆ ಸಂದೀಲಿ ತಲೆ ತೂರಿಸುತ್ತೆ," ಎಂದಳು ಚಿಕ್ಕವಳು.

ಭಾವ ಬೆಲೆಯ ಚೀಟಿ ತಿರುಗಿಸಿ ನೋಡಿದವರು ಅದನ್ನು ಮೆಲ್ಲಗೆ ಮೊದಲಿನ ಹಾಗೇ ಮಗುಚಿಟ್ಟರು. "ಸರಿಯಾಗಿ ಹೇಳಿದೆ. ಅಷ್ಟೂ ಅಲ್ಲದೆ ಈ ಹಂಸಕ್ಕೆ ನನ್ನನ್ನ ಕಂಡ್ರೆ ಆಗಲ್ಲ, ನೋಡು ಹೇಗೆ ದುರುಗುಟ್ತಿದೆ," ಎಂದರು.

ಎರಡನೆಯದರಲ್ಲಿ ಒಂದು ಪಕ್ಕದ ಬೇಲಿ ಕೆಳಗೆ ಜಾರುತ್ತಿತ್ತು, ಬಗ್ಗದೆ ಮಗುವನ್ನು ಎತ್ತಿಕೊಳ್ಳಲೆಂದು. ಸೊಂಟ ನೋಯುವವರಿಗೆ ಇದೇ ಸರಿ ಎಂದು ಅಂಗಡಿಯವಳು ಹೊಗಳಿದಳು. ಭಾವ ಚಿಲಕವನ್ನು ಬೆರಳಲ್ಲಿ ಒಮ್ಮೆ ತೀಡಿದರು, ಬೇಲಿ ಧಡಾರನೆ ಬಿತ್ತು.

"ಇದು ಚಿಲಕಾನಾ? ಇರುವೆ ಸೀನಿದ್ರೂ ಬಿಚ್ಕೊಳುತ್ತೆ! ಬಿಡು, ನಾನೇ ಒಳ್ಳೇ ಬೀಗ ಹಾಕ್ತೀನಿ. ಮೂರು ಕೀಲಿ ಮಾಡಿಸೋಣ. ಒಂದು ನನಗೆ, ಒಂದು ನಿಮ್ಮಕ್ಕಂಗೆ, ಒಂದು ಮಗೂಗೆ."

"ಮಗೂಗೆ ಬೀಗ ಹಾಕ್ತೀರಾ ಭಾವ?" ಎಂದು ಚಿಕ್ಕವಳು ಕೇಳಿದಳು. ನಗುತ್ತಲೇ ಕೇಳಿದ್ದು. ಆದರೆ ಧ್ವನಿಯ ಯಾವುದೋ ಮೂಲೆ ಒಡೆದಿತ್ತು. ದೊಡ್ಡವಳು ತಿರುಗಿ ಅವಳ ಮುಖ ನೋಡಿದಳು.

ಪಟ್ಟಿಗಳ ನಡುವಿನ ಸಂದು ನೋಡುವುದಕ್ಕೆ ನರ್ಸ್ ಒಂದು ಉಪಾಯ ಹೇಳಿದ್ದಳು: ತಂಪು ಪಾನೀಯದ ತಗಡಿನ ಡಬ್ಬಿ ತೂರಬಾರದು. ಡಬ್ಬಿ ತೂರಿದರೆ ಮಗುವಿನ ಮೈ ತೂರುತ್ತದೆ, ಮೈ ತೂರಿ ತಲೆ ಸಿಕ್ಕಿಕೊಳ್ಳುತ್ತದೆ. ಅದಕ್ಕೆಂದೇ ಭಾವ ಒಂದು ಡಬ್ಬಿ ಕೊಂಡು, "ಶಾಸ್ತ್ರಕ್ಕೋಸ್ಕರ ಕುಡೀತಿದ್ದೀನಿ, ಆಸೆಗಲ್ಲ," ಎಂದು ಗಟಗಟನೆ ಮುಗಿಸಿ, ಖಾಲಿ ಡಬ್ಬಿಯನ್ನು ವೈದ್ಯರು ಎದೆಬಡಿತ ಕೇಳುವ ಕೊಳವೆ ಹಿಡಿಯುವ ಹಾಗೆ ಹಿಡಿದು ಅಂಗಡಿಯಿಂದ ಅಂಗಡಿಗೆ ನಡೆದರು. ಮೂರನೆಯ ಅಂಗಡಿಯ ತೊಟ್ಟಿಲಿನಲ್ಲಿ ಡಬ್ಬಿ ಹೀಗೆ ಹಾಕಿದರೆ ಹಾಗೆ ಹೊರಬಂತು. ಮುಂದಿನದು ಹಳೆಯದು, ಅಗ್ಗ, ಗಟ್ಟಿಮುಟ್ಟು. ಆದರೆ ಬಣ್ಣ ಹೊಸದು. ಪೇಂಟರ್ ಹೆಂಡತಿ ಉಗುರಿನಿಂದ ಒಂದು ಚೂರು ಕೆರೆದಳು. ಬಿಳಿಯ ಅಡಿ ಹಸಿರು, ಹಸಿರಿನ ಅಡಿ ಇನ್ನೇನೋ ಕಂದು. "ಹಲ್ಲು ಬರೋವಾಗ ಇದನ್ನೇ ಕಚ್ಚುತ್ತೆ. ಅಡೀಲಿರೋ ಬಣ್ಣ ಯಾವ ಕಾಲದ್ದೋ, ಏನು ವಿಷಾನೋ," ಎಂದಳು. ಅದೂ ಬೇಡವಾಯಿತು. ಇನ್ನೊಂದರಲ್ಲಿ ಹಾಸಿಗೆಗೂ ಬೇಲಿಗೂ ನಡುವೆ ಕೈಯೇ ಹೋಗುವಷ್ಟು ಜಾಗ. ಮಗು ಉರುಳಿ ಮುಖ ಅಲ್ಲಿ ಸಿಕ್ಕಿಕೊಂಡರೆ ಉಸಿರೇ ನಿಂತೀತು. ಅದೂ ಬೇಡ.

ಪ್ರತಿ ಸಲ ಬೇಡ ಎಂದಾಗಲೂ ಚಿಕ್ಕವಳ ಹೆಜ್ಜೆ ಹಗುರಾಗುತ್ತಿತ್ತು. ಪ್ರತಿ ಸಲ ದೊಡ್ಡವಳು, "ಒಳ್ಳೇದಾಯ್ತು ನಿನ್ನ ಕರ್ಕೊಂಡು ಬಂದಿದ್ದು. ನಾನೊಬ್ಳೇ ಬಂದಿದ್ರೆ ಕೊಂದೇಬಿಡ್ತಿದ್ದೆ," ಎನ್ನುತ್ತಿದ್ದಳು. ಆ ಮಾತು ಚಿಕ್ಕವಳ ಎದೆಗೆ ಸೂಜಿಯಂತೆ ಇಳಿಯುತ್ತಿತ್ತು. ಅಕ್ಕ ಅವಳನ್ನು ನಂಬಿದ್ದಳು. ಹಾಲುಹಲ್ಲಿನ ಕಾಲದಿಂದ ಇವಳು ಹೇಳಿದ ಸುಳ್ಳನ್ನೆಲ್ಲ ನಂಬುತ್ತಲೇ ಬಂದವಳು.

ಬೀದಿಯ ಕೊನೆಗೆ ಬಡಗಿಯೊಬ್ಬನ ಅಂಗಡಿ. ಮುದುಕ, ಕಿವಿಯ ಮೇಲೆ ಪೆನ್ಸಿಲು. ಗಿರಾಕಿ ಬಂದರೂ ಎದ್ದೇಳದೆ, "ಅಲ್ಲಿದೆ, ನೋಡ್ಕೊಳಿ," ಎಂದು ಮೂಲೆ ತೋರಿಸಿದ. ಅಲ್ಲೊಂದು ತೊಟ್ಟಿಲು. ಹೂವಿಲ್ಲ, ಹಂಸವಿಲ್ಲ, ಬಣ್ಣವೂ ಇಲ್ಲ. ಬರಿ ಮರ, ಉಜ್ಜಿ ಉಜ್ಜಿ ಕೆನ್ನೆಯ ಹಾಗೆ ನುಣುಪಾಗಿತ್ತು.

ಭಾವ ಡಬ್ಬಿ ಹಾಕಿ ನೋಡಿದರು. ತೂರಲಿಲ್ಲ. ಪ್ರತಿ ಸಂದಿಗೂ ಹಾಕಿದರು. ಎಲ್ಲೂ ತೂರಲಿಲ್ಲ. ನಾಲ್ಕು ಕಡೆ ಬೇಲಿಯೂ ಭದ್ರ, ಜಾರುವ ಪಕ್ಕವಿಲ್ಲ. ಮೂಲೆಗಳು ಬೇಲಿಗೆ ಸಮ. ಹಾಸಿಗೆ ಗಟ್ಟಿ, ಅಂಚಿನಲ್ಲಿ ಎರಡು ಬೆರಳು ಕೂಡ ಇಳಿಯಲಿಲ್ಲ. ಭಾವ ಬೇಲಿ ಹಿಡಿದು ಅಲ್ಲಾಡಿಸಿದರು, ಅಂಗಡಿ ಅಲ್ಲಾಡಿತೇ ಹೊರತು ತೊಟ್ಟಿಲು ಅಲ್ಲಾಡಲಿಲ್ಲ. ಬೆಲೆ ಕೇಳಿದರು. ಮುದುಕ ಹೇಳಿದ. ಭಾವ ಇನ್ನೊಮ್ಮೆ ಕೇಳಿದರು, ತಾವು ಕೇಳಿಸಿಕೊಂಡದ್ದು ಸರಿಯೇ ಎಂದು.

"ಇಷ್ಟೇನಾ? ಉಳಿದ ದುಡ್ಡಲ್ಲಿ ನಾನೂ ಒಂದು ಮಾಡಿಸ್ಕೊಂಡು ಮಲಗ್ತೀನಿ!"

ದೊಡ್ಡವಳು ಎರಡೂ ಕೈಯನ್ನು ಬೇಲಿಯ ಮೇಲಿಟ್ಟು ಖಾಲಿ ಹಾಸಿಗೆಯನ್ನು ನೋಡುತ್ತ ನಿಂತಳು. ಅಲ್ಲಿ ಏನೋ ಕಾಣುತ್ತಿರುವ ಹಾಗೆ ಅವಳ ಮುಖ ಮೆತ್ತಗಾಗಿತ್ತು.

ಚಿಕ್ಕವಳು ಬಗ್ಗಿದಳು. ಆ ಹೊಟ್ಟೆ ಹೊತ್ತುಕೊಂಡು ಮೊಣಕಾಲೂರಿ, ಮರದ ಪುಡಿಯ ನೆಲದ ಮೇಲೆ ಕೈಯಿಟ್ಟು, ತೊಟ್ಟಿಲಿನ ಅಡಿ ನೋಡಿದಳು. ಹಲಗೆಗಳು ಬಿಗಿಯಾಗಿದ್ದವು. ತಿರುಪುಗಳನ್ನು ಒಂದೊಂದಾಗಿ ಬೆರಳಿನಿಂದ ತಿರುಗಿಸಿ ನೋಡಿದಳು. ಒಂದೂ ಅಲುಗಲಿಲ್ಲ. ಪಟ್ಟಿಗಳ ಒಳಮೈ ಸವರಿದಳು, ಒಂದು ಸಿಬಿರಾದರೂ ಚುಚ್ಚಲಿ ಎಂದು. ಚುಚ್ಚಲಿಲ್ಲ. ಜಗತ್ತಿನಲ್ಲಿ ಹುಳುಕಿಲ್ಲದ ಸಾಮಾನು ಒಂದೂ ಇಲ್ಲವೆಂದು ಜನ ಗೊಣಗುತ್ತಾರೆ. ಇತ್ತಲ್ಲ, ಒಂದು ಇತ್ತು. ಅದೂ ಇವಳಿಗೇ ಎದುರಾಗಬೇಕಿತ್ತು.

"ಎದ್ದೇಳೇ, ಸಾಕು," ಎಂದಳು ದೊಡ್ಡವಳು.

ಚಿಕ್ಕವಳು ಬೇಲಿ ಹಿಡಿದು ಎದ್ದಳು. "ಬಣ್ಣ ಚೆನ್ನಾಗಿಲ್ಲ," ಎಂದಳು.

"ಬಣ್ಣಾನೇ ಇಲ್ವಲ್ಲ. ಮರದ ಬಣ್ಣ."

"ಅದೇ. ಮಂಕಾಗಿದೆ."

"ಹಲ್ಲಿಗೆ ಬಣ್ಣ ಆಗಲ್ಲ ಅಂದೋಳು ನೀನೇ."

"ಅಂದೆ. ಆದ್ರೂ... ಕೋಣೆಗೆ ಒಪ್ಪಲ್ಲ. ಮೊಲದ ಪಕ್ಕದಲ್ಲಿ..."

ದೊಡ್ಡವಳು ಬೇಲಿಯಿಂದ ಕೈ ತೆಗೆದಳು. ಊರಿನ ಕಿಟಕಿಗಳಿಗೆಲ್ಲ ಪರದೆ ಹೊಲಿದವಳು, ಈಗ ಒಂದು ಪರದೆ ಸರಿದ ಹಾಗೆ ತಂಗಿಯನ್ನು ನೋಡಿದಳು. ಬೆಳಗಿನಿಂದ ಬೇಡ ಎಂದ ಒಂದೊಂದು ತೊಟ್ಟಿಲೂ ಅವಳ ಕಣ್ಣಲ್ಲಿ ಹಾದುಹೋಯಿತು.

"ಯಾವುದು ಸರಿ ಇಲ್ಲ ಹೇಳು," ಎಂದಳು. ತಮಾಷೆ ಇರಲಿಲ್ಲ. ಹುಟ್ಟಿದ ಮೇಲೆ ಮೊದಲ ಸಲವೋ ಏನೋ, ಆ ಬಾಯಿಯಿಂದ ಬತ್ತಲೆ ಮಾತು ಬಂತು. "ತೊಟ್ಟಿಲು ಸರಿ ಇಲ್ವೋ, ನಾನು ಸರಿ ಇಲ್ವೋ?"

ಇದೇ ಗಳಿಗೆ. ಇಷ್ಟು ತಿಂಗಳು ಯಾರಾದರೂ ಕೇಳಲಿ ಎಂದು ಕಾದಿದ್ದ ಮಾತು ಎದುರಿಗೆ ಬಂದು ನಿಂತಿತ್ತು. ಒಂದು ಮಾತು ಹೇಳಿದರೆ ಮಗು ತನ್ನದು, ಒಂದು ಮಾತು ಹೇಳಿದರೆ ಅಕ್ಕನದು. ಚಿಕ್ಕವಳು ಬಾಯಿ ತೆರೆದಳು. ನೀನು ಸರಿ ಇದ್ದೀಯ ಅಕ್ಕ ಎನ್ನಬೇಕಿತ್ತು. ನಿನಗಿಂತ ಸರಿಯಾದವರು ಯಾರಿದ್ದಾರೆ ಎನ್ನಬೇಕಿತ್ತು. ಆದರೆ ಅದಕ್ಕೂ ಮೊದಲು ಅವಳ ಎರಡೂ ಕೈ ಅವಳನ್ನು ಕೇಳದೆ ಹೊಟ್ಟೆಯ ಮೇಲೆ ಹೋಗಿ ಕೂತವು. ಯಾರೋ ಕಿತ್ತುಕೊಳ್ಳಲು ಬಂದಾಗ ಹಿಡಿಯುವ ಹಾಗೆ ಹಿಡಿದವು.

ದೊಡ್ಡವಳು ಆ ಕೈಗಳನ್ನು ನೋಡಿದಳು.

ನೋಡಿ, ನಕ್ಕಳು. ಹೊಟ್ಟೆಯಿಂದ ಕಿತ್ತು ತಂದ ಹಾಗೆ ಒಂದು ನಗು. "ಅಯ್ಯೋ ಹುಚ್ಚಿ! ಹುಚ್ಚು ಮುಂಡೇದೇ! ನಿಜ ಅಂದ್ಕೊಂಡಿದ್ಯಾ? ರೀ, ನೋಡಿದ್ರಾ, ಇವಳು ನಿಜಾ ಅಂತಾನೇ ತಿಳ್ಕೊಂಡಿದ್ದಾಳೆ! ನಿನ್ನ ಪಾರ್ಸಲ್ ನನಗ್ಯಾಕೇ? ಈ ವಯಸ್ಸಲ್ಲಿ ಕುಂಡಿ ತೊಳೀತಾ ಕೂರ್ಲಾ? ನೀನು ತಮಾಷೆ ಮಾಡಿದೆ, ನಾನೂ ಮಾಡಿದೆ. ಎಷ್ಟು ದಿನ ತಡ್ಕೋತೀಯ ನೋಡೋಣ ಅಂತ!"

ಭಾವನ ಕೈಯಲ್ಲಿ ಡಬ್ಬಿ ಹಾಗೇ ಇತ್ತು. ಅವರು ಹೆಂಡತಿಯ ಕಡೆ ನೋಡಿದರು, ನಾದಿನಿಯ ಕಡೆ ನೋಡಿದರು. ಜೀವಮಾನದಲ್ಲಿ ಯಾವ ತಮಾಷೆಗೂ ತಡವಾಗಿ ನಕ್ಕವರಲ್ಲ. ಅವತ್ತು ತಡವಾಯಿತು.

"ಮತ್ತೆ ಕೋಣೆ, ಮೊಲ..." ಎಂದಳು ಚಿಕ್ಕವಳು.

"ನಿನ್ನ ಗಂಡಂಗೆ ಕೆಲಸ ಇರ್ಲಿಲ್ಲ, ಬಣ್ಣ ಹೊಡಿ ಅಂದೆ. ಅದೂ ಮೊಲವಂತೆ, ಕತ್ತೆ!" ಎಂದು ದೊಡ್ಡವಳು ಇನ್ನೂ ಜೋರಾಗಿ ನಕ್ಕು, ಬಡಗಿಯ ಕಡೆ ತಿರುಗಿ, ಚೀಲ ಬಿಚ್ಚಿ ದುಡ್ಡು ತೆಗೆದಳು. "ತಾತ, ಇದನ್ನ ಇವಳ ಮನೆಗೆ ಕಳಿಸಿ. ದೊಡ್ಡಮ್ಮನ ಲೆಕ್ಕದಲ್ಲಿ."

ಚಿಕ್ಕವಳು ಬೇಡ ಎನ್ನಲಿಲ್ಲ. ಅಕ್ಕ ನಿಲ್ಲು, ನಾನು ಹಾಗಲ್ಲ ಎಂದೂ ಹೇಳಲಿಲ್ಲ. ಅಕ್ಕ ಚಾಚಿದ ಸುಳ್ಳನ್ನು ಎರಡೂ ಕೈಯಲ್ಲಿ ಈಸಿಕೊಂಡಳು. ಮೂವರೂ ನಕ್ಕರು. ಮುದುಕ ಬಡಗಿ ಮಾತ್ರ, ಇದರಲ್ಲಿ ನಗುವಂಥದ್ದು ಏನಿದೆ ಎಂಬಂತೆ ಒಬ್ಬೊಬ್ಬರ ಮುಖವನ್ನೂ ನೋಡಿದ.

ತೊಟ್ಟಿಲು ಬಿಡಿಬಿಡಿಯಾಗಿ ಬಂತು. ಜೋಡಿಸಲು ಭಾವ ಒಬ್ಬರೇ ಬಂದರು. ಮಕ್ಕಳು ಅವರ ಸುತ್ತ ಮುತ್ತಿದವು, ಕಥೆ ಹೇಳಿ ಎಂದು ಕಾಲಿಗೆ ಜೋತುಬಿದ್ದವು. ಭಾವ, "ಒಂದು ಸಲ ಏನಾಯ್ತು ಅಂದ್ರೆ," ಎಂದು ಶುರುಮಾಡಿ ಒಂದು ತಿರುಪು ಬಿಗಿದರು. ಇನ್ನೊಂದು ಬಿಗಿದರು. ಏನಾಯಿತೆಂದು ಹೇಳಲೇ ಇಲ್ಲ. ಮಕ್ಕಳು ಬೇಸತ್ತು ಬೀದಿಗೆ ಓಡಿದವು.

ಕೋಣೆಯಲ್ಲಿ ಅದಕ್ಕೆ ಜಾಗ ಮಾಡಲು ಪೇಂಟರ್ ಮೇಜನ್ನು ಹೊರಗಿಟ್ಟಿದ್ದ. ಭಾವ ಪಟ್ಟಿಗಳನ್ನೆಲ್ಲ ಮತ್ತೆ ಎಳೆದು ನೋಡಿದರು, ಹಾಸಿಗೆಯ ಅಂಚಿಗೆ ಬೆರಳು ಹಾಕಿ ನೋಡಿದರು. "ತಲೆದಿಂಬು ಹಾಕ್ಬೇಡ. ದಪ್ಪ ಹೊದಿಕೆನೂ ಬೇಡ. ಬರೀ ಹಾಸಿಗೆ ಮೇಲೆ ಅಂಗಾತ ಮಲಗಿಸು. ನರ್ಸ್ ಹಾಗಂದಿದ್ಲಲ್ಲ," ಎಂದರು. ಅವಳಿಗೆ ಗೊತ್ತಿದ್ದದ್ದನ್ನೇ ಅವಳಿಗೆ ಹೇಳಿದರು.

"ಅಕ್ಕ ಯಾಕೆ ಬರ್ಲಿಲ್ಲ ಭಾವ?"

"ಪರದೆ ಕೆಲಸ. ಯಾವುದೋ ದೊಡ್ಡ ಮನೆ. ನೂರಾರು ಕಿಟಕಿ."

"ಭಾವ," ಎಂದಳು ಚಿಕ್ಕವಳು. ಟೀ ಲೋಟವನ್ನು ಅವರ ಕೈಗಿಟ್ಟಳು. "ಅಕ್ಕ ನಿಜವಾಗ್ಲೂ ತಮಾಷೆ ಮಾಡಿದ್ಲಾ?"

ತಿಜೋರಿಯನ್ನು ನಾಚಿಸಿದವರು, ಸಮುದ್ರಕ್ಕೆ ಬೀಗ ಹಾಕಿದವರು, ಊರೆಲ್ಲ ಕಣ್ಣರಳಿಸಿ ಕೂರುವ ಹಾಗೆ ಸುಳ್ಳು ಹೇಳಿದವರು. ತಿರುಪುಳಿಯನ್ನು ಚೀಲಕ್ಕೆ ಹಾಕಿದರು, ತೆಗೆದರು, ಮತ್ತೆ ಹಾಕಿದರು.

"ಹೂಂ ಕಣಮ್ಮ. ತಮಾಷೇನೇ," ಎಂದರು.

ಅಷ್ಟು ಕೆಟ್ಟದಾಗಿ ಅವರು ಎಂದೂ ಸುಳ್ಳು ಹೇಳಿರಲಿಲ್ಲ. ಹಾಲು ಕುಡಿಯುವ ಕೂಸು ಕೂಡ ನಂಬುತ್ತಿರಲಿಲ್ಲ. ಚಿಕ್ಕವಳು ನಂಬಿದ ಹಾಗೆ ತಲೆಯಾಡಿಸಿದಳು. ಭಾವ ಟೀ ಕುಡಿಯದೆಯೇ ಲೋಟ ಕೆಳಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟರು.

"ಭಾನುವಾರ ಅಕ್ಕನ್ನ ಕರ್ಕೊಂಡು ಬನ್ನಿ," ಎಂದು ಬಾಗಿಲಲ್ಲಿ ನಿಂತು ಕೂಗಿದಳು.

"ಬರ್ತಾಳೆ, ಬರ್ತಾಳೆ," ಎಂದರು, ತಿರುಗಿ ನೋಡದೆ.

ಬಂದಳು. ಬಾರದೆ ಇರುತ್ತಾಳೆಯೇ, ಅವಳು ಯಾರು. ಬಾಗಿಲಲ್ಲೇ ಪೇಂಟರನ್ನು ನೋಡಿ, "ಏನಪ್ಪಾ, ನಿನ್ನ ಮೊಲ ನಿನ್ನೆ ಇಡೀ ದಿನ ಕಿರುಚ್ತು, ಯಜಮಾನ ಎಲ್ಲಿ ಅಂತ," ಎಂದು ನಗಿಸಿದಳು. ಮಕ್ಕಳಿಗೆ ಬಿಸ್ಕತ್ತು ಹಂಚಿದಳು. ತಂಗಿಯ ಕಾಲು ಬಾತಿದೆಯೆಂದು ಬೈದು, ಕಾಲಡಿಗೆ ಮಣೆ ಇಟ್ಟಳು. ಯಾರದೋ ಮನೆಯ ಪರದೆಯನ್ನು ಉಲ್ಟಾ ತೂಗುಹಾಕಿ ಬಂದ ಕಥೆ ಹೇಳಿದಳು. ಭಾವ ಅದಕ್ಕೆ ಬಾಲ ಸೇರಿಸಿದರು. ಪೇಂಟರ್ ನೆಲಕ್ಕೆ ಬಿದ್ದು ಹೊರಳಾಡಿದ. ಚಿಕ್ಕವಳೂ ನಕ್ಕಳು, ನಕ್ಕು ನಕ್ಕು ಬೆನ್ನು ನೋವು ಬಂತು.

ಅಷ್ಟು ಚಿಕ್ಕ ಕೋಣೆ. ಎಲ್ಲಿ ಕೂತರೂ ತೊಟ್ಟಿಲು ಕಾಣಬೇಕು. ದೊಡ್ಡವಳು ಅದಕ್ಕೆ ಬೆನ್ನು ಹಾಕಿ ಕೂತಿದ್ದಳು. ಬಂದ ಹೊತ್ತಿನಿಂದ ಹೊರಡುವವರೆಗೆ ಅವಳ ಕುತ್ತಿಗೆ ಆ ಕಡೆಗೆ ಒಂದು ಸಲವೂ ತಿರುಗಲಿಲ್ಲ. ಚಿಕ್ಕವಳ ಮೂರನೆಯ ಮಗಳು ಯಾರೂ ನೋಡದಾಗ ಬೇಲಿ ಹತ್ತಿ ಒಳಗಿಳಿದು, ಹೊಸ ಹಾಸಿಗೆಯ ಮೇಲೆ ಅಂಗಾತ ಮಲಗಿ, ಕೈಕಾಲು ಆಡಿಸುತ್ತ ಕೂಗಿದಳು:

"ದೊಡ್ಡಮ್ಮಾ, ಇಲ್ಲಿ ನೋಡು! ನಾನೇ ಪಾಪು!"

"ನೋಡಿದೆ ಕಣೇ ಚಿನ್ನ, ನೋಡಿದೆ," ಎಂದಳು ದೊಡ್ಡವಳು, ಬಾಗಿಲಿನ ಕಡೆಯೇ ಮುಖ ಮಾಡಿಕೊಂಡು.